ಟಾರ್ಚಕ್ಕನ ಎಡಗಾಲಿನ ಚಪ್ಪಲಿ

ಡಿಪೋದ ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಉದ್ದನೆಯ, ಲಕ್ಷಣವಾದ ಹೆಸರಿತ್ತು. ಅದನ್ನು ಓದಿದವರೇ ಕಡಿಮೆ, ಕರೆದವರಂತೂ ಇಲ್ಲವೇ ಇಲ್ಲ. ಮಟಮಟ ಮಧ್ಯಾಹ್ನದಲ್ಲೂ ಸೊಂಟಕ್ಕೆ ಟಾರ್ಚು ಸಿಕ್ಕಿಸಿಕೊಂಡು ಓಡಾಡುವ ಹೆಂಗಸಿಗೆ ಬೇರೆ ಏನೆಂದು ಹೆಸರಿಟ್ಟಾರು? ಡ್ರೈವರುಗಳು, ಕಂಡಕ್ಟರುಗಳು, ಕೊನೆಗೆ ಸಂಬಳ ಬಟವಾಡೆ ಮಾಡುವ ಗುಮಾಸ್ತನೂ ಅವಳನ್ನು ಕರೆಯುತ್ತಿದ್ದದ್ದು ಟಾರ್ಚಕ್ಕ ಎಂದೇ.

ಕಂಪನಿಯಲ್ಲಿದ್ದದ್ದು ಹದಿನೆಂಟು ಬಸ್ಸು. ಬೆಳಿಗ್ಗೆ ಒಂದೊಂದೇ ಬಸ್ಸು ಶೆಡ್ಡಿನ ತಪಾಸಣೆ ಗುಂಡಿಯ ಮೇಲೆ ಬಂದು ನಿಲ್ಲಬೇಕು. ಟಾರ್ಚಕ್ಕ ಗುಂಡಿಯ ಏಳು ಮೆಟ್ಟಿಲು ಇಳಿದು, ಕತ್ತು ಮೇಲೆತ್ತಿ, ಬಸ್ಸಿನ ಹೊಟ್ಟೆಯನ್ನು ಹಿಂದಿನಿಂದ ಮುಂದಿನವರೆಗೆ ನೋಡಬೇಕು. ಬ್ರೇಕ್ ಪೈಪು ಒಸರುತ್ತಿದೆಯೋ, ನಟ್ಟು ಸಡಿಲವಾಗಿದೆಯೋ, ಸ್ಪ್ರಿಂಗಿನ ಪ್ಲೇಟು ಬಾಯಿ ಬಿಟ್ಟಿದೆಯೋ, ಎಲ್ಲ. ಆಮೇಲೆ ಮೇಲೆ ಬಂದು, ಮುಂದಿನ ಬಂಪರಿನ ಮೂಲೆಯಲ್ಲಿ ಚಾಕ್‌ಪೀಸಿನಿಂದ ಒಂದು ರೈಟ್ ಮಾರ್ಕು. ಆ ಮಾರ್ಕು ಬೀಳದೆ ಯಾವ ಡ್ರೈವರೂ ಬೀಗದ ಕೈ ಮುಟ್ಟುತ್ತಿರಲಿಲ್ಲ. ಈ ನಿಯಮ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ಇಷ್ಟು ಚೆನ್ನಾಗಿ ನಡೆಯುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು.

ಅವಳು ಮೊದಲು ಅಲ್ಲಿಗೆ ಬಂದದ್ದು ಬಸ್ಸು ತೊಳೆಯುವುದಕ್ಕೆ. ಕಂಕುಳಲ್ಲಿ ಮಗಳು, ಕೈಯಲ್ಲಿ ನೀರಿನ ಪೈಪು. ಒಂದು ದಿನ ಚಕ್ರದ ಒಳಮೈ ತೊಳೆಯುವಾಗ ಒಂದು ಪೈಪಿನ ಮೇಲೆ ನೀರಲ್ಲದ ಒದ್ದೆ ಕಂಡಿತು. ಬೆರಳಿಗೆ ಹಚ್ಚಿಕೊಂಡು ಮೂಸಿದಳು. ನಾಲ್ಕು ಜನರಿಗೆ ಹೇಳಿದಳು, ನಾಲ್ವರೂ ನಕ್ಕರು. ಐದನೆಯವರು ಆಗಿನ ತಪಾಸಣೆಯ ಮುದುಕ. ಅವರು ನಗಲಿಲ್ಲ. "ಎಲ್ಲಿ ತೋರ್ಸಮ್ಮ" ಎಂದು ಹಿಂದೆಯೇ ಬಂದರು. ಬ್ರೇಕ್ ಎಣ್ಣೆ ಸೋರುತ್ತಿತ್ತು. ಅದಾದ ಮೇಲೆ ಆರು ವರ್ಷ ಮುದುಕ ಅವಳನ್ನು ಗುಂಡಿಯಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಂಡು ಕಲಿಸಿದರು. ಕೆಲಸ ಬಿಡುವ ದಿನ ಚಾಕ್‌ಪೀಸಿನ ಡಬ್ಬಿಯನ್ನೂ ಟಾರ್ಚನ್ನೂ ಕೈಗಿತ್ತು ಹೇಳಿದ್ದು ಇಷ್ಟೇ: "ಏನು ಕಂಡಿತು ಅನ್ನೋದು ಅರ್ಧ ಕೆಲಸ. ಎಲ್ಲಿ ಕಂಡಿತು ಅನ್ನೋದು ಇನ್ನರ್ಧ. ಎರಡೂ ಸರಿ ಇದ್ರೆ ಮಾತ್ರ ಬಾಯಿ ಬಿಡು."

ಹದಿನೆಂಟು ವರ್ಷ ಅವಳು ಹಾಗೇ ನಡೆದುಕೊಂಡಳು. ಹತ್ತೊಂಬತ್ತನೆಯ ವರ್ಷ ಮೊಣಕಾಲು ಕೈಕೊಟ್ಟಿತು. ಎಣ್ಣೆ ಬಿದ್ದ ಮೆಟ್ಟಿಲಲ್ಲಿ ಜಾರಿ, ಕೆಳಗಿನ ಮೂರು ಮೆಟ್ಟಿಲುಗಳನ್ನು ಒಂದೇ ಸಲಕ್ಕೆ ಇಳಿದುಬಿಟ್ಟಿದ್ದಳು. ಆಪರೇಷನ್ ಆಯಿತು, ಎರಡು ತಿಂಗಳು ಮನೆಯಲ್ಲಿ ಮಲಗಿದ್ದೂ ಆಯಿತು. ಮೆಟ್ಟಿಲು ಇಳಿಯಬಾರದು, ಕುಕ್ಕರಗಾಲಲ್ಲಿ ಕೂರಬಾರದು, ನೆಲದ ಮೇಲೆ ತೆವಳುವುದನ್ನಂತೂ ಕನಸಿನಲ್ಲೂ ಎಣಿಸಬಾರದು ಎಂದು ಡಾಕ್ಟರು ಬರೆದುಕೊಟ್ಟರು. ಆ ಚೀಟಿಯನ್ನು ಮ್ಯಾನೇಜರು ಅವಳಿಗಿಂತ ಶ್ರದ್ಧೆಯಿಂದ ಓದಿದರು.

"ನೋಡಿ ಅಕ್ಕ, ನಿಮ್ಮನ್ನ ಮನೆಗೆ ಕಳಿಸ್ತಿಲ್ಲ. ಟಿಕೆಟ್ ರೂಮಲ್ಲಿ ಕೂತ್ಕೊಳ್ಳಿ. ಫ್ಯಾನಿದೆ, ಕುರ್ಚಿ ಇದೆ. ಬೇರೆಯವ್ರು ಆ ಜಾಗಕ್ಕೆ ಜಗಳ ಆಡ್ತಾರೆ."

"ಬಸ್ಸಿನ ಹೊಟ್ಟೆ ಯಾರು ನೋಡ್ತಾರೆ ಸಾರ್?"

"ಮೇಸ್ತ್ರಿ ನೋಡ್ತಾನೆ."

"ಮೇಸ್ತ್ರಿ ಕೆಟ್ಟಿರೋದನ್ನ ರಿಪೇರಿ ಮಾಡ್ತಾನೆ. ಕೆಡೋಕೆ ಹೊರಟಿರೋದನ್ನ ನೋಡೋದು ನನ್ನ ಕೆಲಸ. ಒಂದು ತಿಂಗಳು ಟೈಮ್ ಕೊಡಿ, ಇಳೀದೇನೇ ನೋಡ್ತೀನಿ."

"ಇಳೀದೆ ಹೇಗೆ ನೋಡ್ತೀರಿ?"

"ಅದನ್ನೇ ಯೋಚ್ನೆ ಮಾಡೋಕೆ ಟೈಮ್ ಕೇಳ್ತಿರೋದು."

ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವಳ ತಲೆಯಲ್ಲಿ ಏನೂ ಇರಲಿಲ್ಲ. ಆದರೆ ಟಿಕೆಟ್ ರೂಮಿಗೆ ಹೋಗುವುದಿಲ್ಲ ಎಂಬುದೊಂದು ಮಾತ್ರ ಗಟ್ಟಿಯಾಗಿತ್ತು. ಹಿಡಿದ ಪಟ್ಟು ಬಿಡದ ಜನ ಕೆಲವರಿರುತ್ತಾರೆ. ಅವರು ಮೊದಲು ಪಟ್ಟು ಹಿಡಿಯುತ್ತಾರೆ, ದಾರಿಯನ್ನು ಆಮೇಲೆ ಹುಡುಕುತ್ತಾರೆ. ಮ್ಯಾನೇಜರು ನಿಟ್ಟುಸಿರು ಬಿಟ್ಟು ಒಪ್ಪಿದರು. ಒಂದು ಷರತ್ತು: ಅವಳು ಏನಾದರೂ ದೋಷ ಹೇಳಿದರೆ ಮೇಸ್ತ್ರಿ ಗುಂಡಿಗಿಳಿದು ನೋಡಿ ಹೌದೆನ್ನಬೇಕು. ಒಂದೇ ಒಂದು ಸಲ ಸುಳ್ಳಾದರೂ ಟಿಕೆಟ್ ರೂಮು.

ದಾರಿ ಸಿಕ್ಕಿದ್ದು ಅಳಿಯನ ಅಂಗಡಿಯಲ್ಲಿ. ಅಳಿಯ ಕಾರುಗಳಿಗೆ ಸೀಟ್ ಕವರು, ಹಾರನ್ನು, ರಿವರ್ಸ್ ಕ್ಯಾಮೆರಾ ಹಾಕುವವನು. ಕೈಯಷ್ಟೇ ಬಾಯಿಯೂ ಚುರುಕು. ಅತ್ತೆಯ ಎದುರಿಗೆ ಮಾತ್ರ ಕೈಕಟ್ಟಿ ನಿಂತು ಮೆಲ್ಲಗೆ ಮಾತಾಡುತ್ತಿದ್ದ. ಮಗಳನ್ನು ನೋಡಲು ಹೋದ ಟಾರ್ಚಕ್ಕ ಅಂಗಡಿಯ ಬೆಂಚಿನಲ್ಲಿ ಕಾಲು ನೀಡಿ ಕೂತಿದ್ದಾಗ, ಅವನು ಒಂದು ವ್ಯಾನಿನ ಹಿಂಬದಿಗೆ ನೆಲ್ಲಿಕಾಯಿ ಗಾತ್ರದ ಕ್ಯಾಮೆರಾ ಕೂರಿಸಿದ. ಡ್ರೈವರ್ ಸೀಟಿನ ಮುಂದಿನ ಪರದೆಯಲ್ಲಿ ವ್ಯಾನಿನ ಹಿಂದಿನ ರಸ್ತೆ, ಚರಂಡಿ, ಚರಂಡಿಯ ಪಕ್ಕ ಮಲಗಿದ್ದ ಬೆಕ್ಕು, ಎಲ್ಲ ಕಂಡವು.

"ಅಳಿಯಂದಿರೇ, ಇದನ್ನ ಬಸ್ಸಿನ ಅಡಿಗೆ ಕಳಿಸಬಹುದಾ?"

ಅವನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹಿಡಿಯುವವರಿಲ್ಲ. ಮುರಿದ ಆಫೀಸು ಕುರ್ಚಿಯ ನಾಲ್ಕು ಗಾಲಿ ಬಿಚ್ಚಿ ಹಲಗೆಯೊಂದಕ್ಕೆ ಹೊಡೆದ. ಹಲಗೆಯ ಮೇಲೆ ಓರೆಯಾಗಿ ಕ್ಯಾಮೆರಾ, ಎರಡು ಪಕ್ಕ ಸಣ್ಣ ದೀಪ, ಒಂದು ಬ್ಯಾಟರಿ. ತಳ್ಳುವುದಕ್ಕೆ ನೆಲ ಒರೆಸುವ ಕೋಲು. ಕೋಲಿನ ತುದಿಯಲ್ಲಿ, ಅವಳು ನಿಂತು ನೋಡುವ ಎತ್ತರಕ್ಕೆ, ಅಂಗೈ ಅಗಲದ ಪರದೆ. ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಗೆರೆಗಳು ಬಂದವು.

"ಇದೇನು ಗೆರೆ?"

"ಗಾಡಿ ಹಿಂದಕ್ಕೆ ತಗೊಳ್ಳುವಾಗ ಗೋಡೆ ಎಷ್ಟು ದೂರ ಇದೆ ಅಂತ ತೋರ್ಸುತ್ತೆ ಅತ್ತೆ. ನಿಮಗೆ ಅದು ಬೇಡ. ಇದ್ರೆ ಇರ್ಲಿ ಬಿಡಿ."

ಕ್ಯಾಮೆರಾದ ವೈರಿನಿಂದ ಇನ್ನೂ ಒಂದು ಹಸಿರು ಎಳೆ ಹೊರಬಂದು, ಸುತ್ತಿಕೊಂಡು, ಮತ್ತೆ ಒಳಹೋಗಿತ್ತು. ಅದನ್ನು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ದಿನಕ್ಕೆ ನಾಲ್ಕು ಕ್ಯಾಮೆರಾ ಕೂರಿಸುವವನಿಗೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

ಗಾಲಿಹಲಗೆ ಡಿಪೋಗೆ ಬಂದ ದಿನ ನಗಲು ಎಲ್ಲರಿಗೂ ಬಿಡುವಿತ್ತು. ಮೇಸ್ತ್ರಿ ಎಲ್ಲರಿಗಿಂತ ಹೆಚ್ಚು ನಕ್ಕ. ಅವನು ಕೆಟ್ಟವನೇನಲ್ಲ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವಷ್ಟು ಕೆಲಸಗಾರ. ಆ ಹೆಮ್ಮೆ ಮೂಗಿನ ತುದಿಯಲ್ಲೇ ಇತ್ತು. "ಅಕ್ಕ ಟೀವಿ ನೋಡ್ಕೊಂಡು ಸಂಬಳ ತಗೋತಾರೆ" ಎಂದ. ಟಾರ್ಚಕ್ಕ ಕೆಲಸಕ್ಕಿಳಿದಳು. ಗುಂಡಿಯ ಮೇಲೆ ಗಾಲಿ ಓಡುವ ಹಾಗಿರಲಿಲ್ಲ, ಆದ್ದರಿಂದ ಬಸ್ಸು ಅಂಗಳದ ಸಾಲಿನಲ್ಲಿ ನಿಂತಿರುವಾಗಲೇ ಒಂದೊಂದು ಚಕ್ರದ ಪಕ್ಕಕ್ಕೂ ಹೋಗಿ ಹಲಗೆಯನ್ನು ಒಳಕ್ಕೆ ತಳ್ಳಿ ನೋಡಿದಳು. ಮೊದಲ ವಾರ ಒಂದು ಸಡಿಲ ಬೋಲ್ಟು. ಎರಡನೆಯ ವಾರ ಉಜ್ಜಿ ಉಜ್ಜಿ ಸವೆದ ಪೈಪು. ಎರಡು ಸಲವೂ ಮೇಸ್ತ್ರಿ ಗುಂಡಿಗಿಳಿದು, ಹತ್ತಿ ಬಂದು, "ಹೂಂ, ಇದೆ" ಎಂದ. ಆ ಎರಡು ಪದಕ್ಕೆ ಅವನಿಗೆ ಬಹಳ ಕಷ್ಟವಾಯಿತು.

ಆದರೆ ಬಸ್ಸಿನ ಸುತ್ತ ಕುಂಟುತ್ತ ಆರು ಚಕ್ರ ಮುಗಿಸುವಷ್ಟರಲ್ಲಿ ಹೊತ್ತಾಗುತ್ತಿತ್ತು. ಬಸ್ಸುಗಳು ಹತ್ತು ನಿಮಿಷ ತಡವಾಗಿ ಹೊರಡುತ್ತಿವೆ ಎಂದು ಮ್ಯಾನೇಜರು ಗೊಣಗಿದರು. ಅದಕ್ಕೂ ಒಂದು ಉಪಾಯ ಕಂಡಿತು: ಕೋಲಿಗೆ ಇನ್ನೊಂದು ಕೋಲು ಜೋಡಿಸಿ ಉದ್ದ ಮಾಡಿ, ಬಸ್ಸಿನ ಹಿಂದೆ ನಡುಮಧ್ಯದಲ್ಲಿ ನಿಂತು ನೇರ ಒಳಕ್ಕೆ ತಳ್ಳುವುದು. ಎಡವೂ ಬಲವೂ ಒಟ್ಟಿಗೇ ಪರದೆಯಲ್ಲಿ ಕಾಣುತ್ತದೆ. ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಮೊದಲ ಸಲ ಹಾಗೆ ಮಾಡಿದಳು.

ಹನ್ನೊಂದನೆಯ ನಂಬರಿನ ಬಸ್ಸಿನಲ್ಲಿ ಸಿಕ್ಕಿತು. ಹಿಂದಿನ ಚಕ್ರದ ಸ್ಪ್ರಿಂಗು, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು. ಇಡೀ ಬಸ್ಸಿನ ಭಾರ ಹೊರುವ ಮೇಲಿನ ಪ್ಲೇಟಿನಲ್ಲಿ, ಕೂದಲೆಳೆಯಷ್ಟು ಸಣ್ಣ ಗೆರೆ, ಅದರ ಅಂಚಿನಲ್ಲಿ ತುಕ್ಕಿನ ಕೆಂಪು. ಪರದೆಯ ಎಡಭಾಗದಲ್ಲಿ. ಅವಳು ಮೂರು ಸಲ ಹಲಗೆ ಹಿಂದಕ್ಕೆಳೆದು ಮತ್ತೆ ತಳ್ಳಿದಳು. ಮೂರು ಸಲವೂ ಅಲ್ಲೇ ಇತ್ತು.

"ಎಡಗಡೆ ಹಿಂದಿನ ಸ್ಪ್ರಿಂಗು, ಮೇಲಿನ ಪ್ಲೇಟು. ಬಿರುಕು ಬಿಟ್ಟಿದೆ" ಎಂದಳು.

ಬಸ್ಸು ಗುಂಡಿಯ ಮೇಲೆ ಹೋಯಿತು. ಮೇಸ್ತ್ರಿ ಬೇರೊಂದು ಬಸ್ಸಿನ ಗೇರ್ ಬಾಕ್ಸು ಬಿಚ್ಚಿಟ್ಟು ಅರ್ಧಕ್ಕೆ ಬಂದಿದ್ದ. ಇಳಿದ, ಎಡಗಡೆಯ ಸ್ಪ್ರಿಂಗಿಗೆ ದೀಪ ಹಿಡಿದ, ಬಟ್ಟೆಯಲ್ಲಿ ಒರೆಸಿದ, ಸುತ್ತಿಗೆಯಿಂದ ಮೂರು ಸಲ ಬಡಿದ. ಠಣ್ ಠಣ್ ಠಣ್. ಕಲ್ಲಿನಂತೆ ಗಟ್ಟಿಯಾಗಿತ್ತು. ಮೇಲೆ ಬಂದ.

"ಏನೂ ಇಲ್ಲ. ಅಕ್ಕನ ತಲೆಗೂದಲು ಟೀವಿ ಮೇಲೆ ಬಿದ್ದಿರ್ಬೇಕು."

ನೆರೆದವರು ನಕ್ಕರು. ಟಾರ್ಚಕ್ಕ ಇನ್ನೊಂದು ಸಲ ನೋಡುತ್ತೇನೆ ಎಂದಳು. ಮ್ಯಾನೇಜರು ಗಡಿಯಾರ ನೋಡಿದರು. ಆಗಲೇ ಇಪ್ಪತ್ತು ನಿಮಿಷ ತಡ.

"ಮಾರ್ಕ್ ಹಾಕಿ ಅಕ್ಕ, ಬಸ್ಸು ಹೊರಡ್ಲಿ."

"ನಾನು ಹಾಕಲ್ಲ ಸಾರ್."

ಮ್ಯಾನೇಜರು ಕೈ ನೀಡಿ ಅವಳ ಚಾಕ್‌ಪೀಸು ತೆಗೆದುಕೊಂಡು ಮೇಸ್ತ್ರಿಗೆ ಕೊಟ್ಟರು. ಹದಿನೆಂಟು ವರ್ಷದಲ್ಲಿ ಮೊದಲ ಸಲ, ಅವಳು ಎದುರಿಗಿರುವಾಗಲೇ, ಆ ಬಂಪರಿನ ಮೇಲೆ ಬೇರೆ ಕೈಯ ಮಾರ್ಕು ಬಿತ್ತು. ಡ್ರೈವರು ಅವಳ ಮುಖ ನೋಡದೆ ಹತ್ತಿ ಕೂತ. ಟಾರ್ಚಕ್ಕನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಕಂಡದ್ದು ಕಂಡಿತ್ತು, ಮೇಸ್ತ್ರಿ ಸುಳ್ಳು ಹೇಳುವವನೂ ಅಲ್ಲ. ಹಾಗಾದರೆ ಬಿರುಕು ಎಲ್ಲಿಗೆ ಹೋಯಿತು?

ಆ ಬಸ್ಸಿನ ದಿನಚರಿ ಅವಳಿಗೆ ಬಾಯಿಪಾಠ. ಬೆಳಗಿನ ಹೊತ್ತು ಊರೊಳಗೆ ಸಮತಟ್ಟು ರಸ್ತೆಯಲ್ಲಿ ಎರಡು ಸುತ್ತು. ಒಂದೂವರೆಗೆ ಡಿಪೋಗೆ ವಾಪಸ್ಸು. ಎರಡು ಗಂಟೆಗೆ ಮೇಲಿನ ಊರಿಗೆ ಹೋಗುವ ಜನರನ್ನು ತುಂಬಿಕೊಂಡು ಬೆಟ್ಟದ ರಸ್ತೆ. ಅಲ್ಲಿ ಹದಿನಾಲ್ಕು ತಿರುವು. ಒಂದೊಂದು ತಿರುವಿನಲ್ಲೂ ಇಡೀ ಭಾರ ಒಂದು ಪಕ್ಕದ ಸ್ಪ್ರಿಂಗಿನ ಮೇಲೆ ಬೀಳುತ್ತದೆ.

ಟಿಕೆಟ್ ರೂಮಿನ ಫ್ಯಾನಿನ ಕೆಳಗೆ ಹನ್ನೊಂದು ಗಂಟೆವರೆಗೆ ಕೂತಳು. ಮುಂದೆ ಕೂರಲಾಗಲಿಲ್ಲ. ಅರ್ಧ ದಿನ ರಜೆ ಬರೆದಿಟ್ಟು, ಗಾಲಿಹಲಗೆಯನ್ನು ಆಟೋಗೆ ಹಾಕಿಕೊಂಡು ಅಳಿಯನ ಅಂಗಡಿಗೆ ಹೋದಳು. ಅವನು ಕ್ಯಾಮೆರಾದ ಗಾಜು ಒರೆಸಿದ, ವೈರು ನೋಡಿದ, ಪರದೆ ಬಿಚ್ಚಿ ಜೋಡಿಸಿದ. ಕೂದಲೂ ಇಲ್ಲ, ಕಲೆಯೂ ಇಲ್ಲ.

"ಕ್ಯಾಮೆರಾ ಚೆನ್ನಾಗೇ ಇದೆ ಅತ್ತೆ. ನೀವು ಕಂಡಿದ್ದು ಏನು ಅಂತ ಇನ್ನೊಂದ್ಸಲ ಹೇಳಿ, ಒಂದೂ ಬಿಡದೆ."

ಅವಳು ಕಣ್ಣು ಮುಚ್ಚಿದಳು. ಗುಂಡಿಯಲ್ಲಿ ಮುದುಕನ ಪಕ್ಕ ನಿಂತು ಒಪ್ಪಿಸುತ್ತಿದ್ದ ಹಾಗೆ ಒಂದೊಂದಾಗಿ ಹೇಳಿದಳು. "ಮೇಲಿನ ಪ್ಲೇಟು. ಹಿಂದಿನ ಕೊಕ್ಕೆಯಿಂದ ನಾಲ್ಕು ಬೆರಳು ದೂರ. ಗೆರೆ ಓರೆಯಾಗಿತ್ತು. ತುಕ್ಕು ಕಟ್ಟಿತ್ತು. ಪಕ್ಕದಲ್ಲೇ ಸೈಲೆನ್ಸರ್ ಪೈಪು..."

ಮಾತು ಅಲ್ಲಿಗೇ ನಿಂತಿತು. ಆ ಕಂಪನಿಯ ಹದಿನೆಂಟು ಬಸ್ಸಿಗೂ ಸೈಲೆನ್ಸರ್ ಇರುವುದು ಬಲಗಡೆ. ಅದು ಅವಳಿಗೆ ತನ್ನ ಅಡುಗೆಮನೆಯ ಉಪ್ಪಿನ ಡಬ್ಬಿಗಿಂತ ಚೆನ್ನಾಗಿ ಗೊತ್ತಿತ್ತು.

"ಅಳಿಯಂದಿರೇ, ಈ ಪರದೆ ಎಡವನ್ನ ಬಲ ಮಾಡಿ ತೋರ್ಸುತ್ತಾ?"

ಅಳಿಯ ಹಣೆ ಚಚ್ಚಿಕೊಂಡ. ರಿವರ್ಸ್ ಕ್ಯಾಮೆರಾ ಎಂದರೆ ಹಿಂದೆ ನೋಡುವುದಕ್ಕೆಂದೇ ಮಾಡಿದ್ದು. ಡ್ರೈವರು ಕನ್ನಡಿಯಲ್ಲಿ ನೋಡಿದ ಹಾಗೇ ಕಾಣಲಿ ಎಂದು ಚಿತ್ರವನ್ನು ಎಡಬಲ ತಿರುಗಿಸಿಯೇ ಕೊಡುತ್ತದೆ. ತಿರುಗುವುದು ಬೇಡವೆಂದರೆ ಆ ಹಸಿರು ಎಳೆ ಕತ್ತರಿಸಬೇಕು. ಯಾವ ಗಿರಾಕಿಯೂ ಬೇಡ ಎಂದಿರಲಿಲ್ಲ, ಅವನು ಎಂದೂ ಕತ್ತರಿಸಿರಲಿಲ್ಲ. ಒಂದೊಂದು ಚಕ್ರದ ಪಕ್ಕದಲ್ಲೇ ನಿಂತು ನೋಡಿದ ಮೊದಲ ವಾರಗಳಲ್ಲಿ ಎಡಬಲವನ್ನು ಪರದೆ ಹೇಳಬೇಕಿರಲಿಲ್ಲ, ಅದಕ್ಕೇ ಎಡವಟ್ಟಾಗಿರಲಿಲ್ಲ. "ನನ್ನ ತಪ್ಪು ಅತ್ತೆ" ಎಂದ.

"ನಿಮ್ಮದಲ್ಲ. ಸೈಲೆನ್ಸರ್ ಕಂಡೂ ಎಡ ಅಂದೋಳು ನಾನು. ಗಂಟೆ ಎಷ್ಟು?"

ಒಂದೂಮುಕ್ಕಾಲು. ಮ್ಯಾನೇಜರಿಗೆ ಫೋನು ಮಾಡಿದಳು. "ಮತ್ತೆ ಶುರು ಮಾಡ್ಬೇಡಿ ಅಕ್ಕ, ನಾಳೆ ಮಾತಾಡೋಣ" ಎಂದು ಇಟ್ಟುಬಿಟ್ಟರು. ಡ್ರೈವರಿಗೂ ಮಾಡಿದಳು. ಗಾಡಿ ಓಡಿಸುವಾಗ ಫೋನು ಎತ್ತಬಾರದೆಂದು ಅವನಿಗೆ ಬೈದು ಕಲಿಸಿದವಳು ಅವಳೇ. ಆ ಪುಣ್ಯಾತ್ಮ ಡಿಪೋದಲ್ಲಿ ನಿಂತಿದ್ದಾಗಲೂ ಎತ್ತಲಿಲ್ಲ. ಆಟೋ ಹುಡುಕುವಷ್ಟು ಹೊತ್ತಿರಲಿಲ್ಲ. ಮದುವೆಯಾದಾಗಿನಿಂದ ಅತ್ತೆಯ ಎದುರು ಕುರ್ಚಿಯಲ್ಲೂ ಕೂರದ ಅಳಿಯ ಸ್ಕೂಟರ್ ತೆಗೆದ. ಟಾರ್ಚಕ್ಕ ಮಡಚಲಾಗದ ಕಾಲನ್ನು ಪಕ್ಕಕ್ಕೆ ಚಾಚಿ, ಗಾಲಿಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಭುಜ ಹಿಡಿದು ಕೂತಳು. "ಮೆಲ್ಲಗೆ ಹೋಗ್ಲಾ ಅತ್ತೆ?" ಎಂದ. "ಮೆಲ್ಲಗೆ ಹೋಗೋದಾದ್ರೆ ನಡ್ಕೊಂಡೇ ಹೋಗ್ತಿದ್ದೆ" ಎಂದಳು.

ಬಸ್ಸು ಹೊರಡಲು ನಿಂತಿತ್ತು. ಸೀಟು ಭರ್ತಿ, ನಿಂತವರು ಹತ್ತು ಜನ. ಎಂಜಿನ್ನು ಶುರುವಾಗಿತ್ತು. ಟಾರ್ಚಕ್ಕ ಕುಂಟುತ್ತ ಹೋಗಿ ಬಂಪರಿನ ಮೇಲಿದ್ದ ಮೇಸ್ತ್ರಿಯ ಮಾರ್ಕನ್ನು ಸೆರಗಿನಿಂದ ಒರೆಸಿಹಾಕಿದಳು. ಡ್ರೈವರು ಒಂದು ಕ್ಷಣ ಅವಳನ್ನೇ ನೋಡಿದ. ಎಂಜಿನ್ನು ಆರಿಸಿ ಬೀಗದ ಕೈ ಹೊರತೆಗೆದ.

ಮ್ಯಾನೇಜರು ಓಡಿಬಂದರು. ಹಿಂದೆಯೇ ಮೇಸ್ತ್ರಿ.

"ಬಿರುಕು ಬಲಗಡೆ ಇದೆ ಸಾರ್. ನಾನು ಎಡ ಅಂದೆ. ತಪ್ಪು ನನ್ನದು."

"ಬೆಳಿಗ್ಗೆ ಎಡ, ಈಗ ಬಲ. ಸಂಜೆ ಮೇಲೆ ಅಂತೀರಾ? ಒಳಗೆ ಜನ ಕೂತಿದ್ದಾರೆ ಅಕ್ಕ."

"ಅವ್ರು ಕೂತಿದ್ದಾರೆ ಅಂತಲೇ ಬಂದೆ. ಎರಡೇ ನಿಮಿಷ. ಆಮೇಲೆ ಟಿಕೆಟ್ ರೂಮಿಗೆ ನಾನೇ ಹೋಗ್ತೀನಿ, ನೀವು ಕಳಿಸೋದು ಬೇಡ."

ಹಲಗೆಯನ್ನು ನೆಲಕ್ಕಿಟ್ಟಳು. ತೋರಿಸುವುದಕ್ಕೆ ಕೈಗೆ ಬೇರೇನೂ ಸಿಗಲಿಲ್ಲ. ಎಡಗಾಲಿನ ಚಪ್ಪಲಿ ಕಳಚಿ, ಕಾಲಿನಿಂದಲೇ ತಳ್ಳಿ, ಹಲಗೆಯ ಮುಂದೆ ಎಡಕ್ಕೆ ಬಿಟ್ಟಳು.

"ಚಪ್ಪಲಿ ಯಾವ ಕಡೆ ಇದೆ ಸಾರ್?"

"ಎಡಕ್ಕೆ."

"ಪರದೇಲಿ ನೋಡಿ."

ಮ್ಯಾನೇಜರು ನೋಡಿದರು. ನೆಲ ನೋಡಿದರು, ಮತ್ತೆ ಪರದೆ ನೋಡಿದರು. ಚಪ್ಪಲಿ ಬಲಕ್ಕಿತ್ತು. ಮೇಸ್ತ್ರಿ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದ. ಡ್ರೈವರಿಗೆ ಕೈಸನ್ನೆ ಮಾಡಿದ: ಎಲ್ಲರನ್ನೂ ಇಳಿಸು, ಗುಂಡಿಯ ಮೇಲೆ ತಾ.

ಜನ ಗೊಣಗುತ್ತ ಇಳಿದರು. ಮೇಸ್ತ್ರಿ ಗುಂಡಿಗಿಳಿದ. ಟಾರ್ಚಕ್ಕ ಮೇಲೆ ಅಂಚಿನಲ್ಲಿ, ಒಂದು ಕಾಲಿಗೆ ಚಪ್ಪಲಿ ಒಂದು ಕಾಲಿಗಿಲ್ಲದೆ ನಿಂತಳು. ಕೆಳಗೆ ಬಟ್ಟೆಯಿಂದ ಉಜ್ಜುವ ಸದ್ದು. ಆಮೇಲೆ ಸುತ್ತಿಗೆಯ ಒಂದೇ ಏಟು. ಠಣ್ ಎನ್ನಲಿಲ್ಲ, ಒಡಕು ಮಡಕೆ ತಟ್ಟಿದ ಹಾಗಿತ್ತು. ಎರಡನೆಯ ಏಟು ಬೇಕಾಗಲಿಲ್ಲ. ಅವನು ಬಹಳ ಹೊತ್ತು ಮೇಲೆ ಬರಲೇ ಇಲ್ಲ. ಬಂದಾಗ ಬೆವರಿದ್ದ.

"ಅರ್ಧಕ್ಕಿಂತ ಹೆಚ್ಚು ಸೀಳಿದೆ ಅಕ್ಕ. ಬೆಟ್ಟ ಹತ್ತೋದೇನೋ ಹತ್ತುತ್ತಿತ್ತು. ಇಳೀತಿರ್ಲಿಲ್ಲ." ಹಣೆಯ ಬೆವರು ಒರೆಸಿಕೊಂಡು ಸೇರಿಸಿದ: "ಬೆಳಿಗ್ಗೆ ನಾನೂ ಕತ್ತು ಆ ಕಡೆ ತಿರುಗಿಸಬಹುದಿತ್ತು. ನೀವು ಎಡ ಅಂದ್ರಿ, ಎಡ ಸುಳ್ಳಾದ್ರೆ ಸಾಕು ಅಂತ ಬಂದ್ಬಿಟ್ಟೆ." ಜೇಬಿನಿಂದ ಚಾಕ್‌ಪೀಸು ತೆಗೆದು, ಗ್ರೀಸು ಮೆತ್ತಿದ ಕೈಯಲ್ಲೇ ಅವಳಿಗೆ ಕೊಟ್ಟ.

ಜನರಿಗೆ ಬೇರೆ ಬಸ್ಸು ಬಂತು. ಮ್ಯಾನೇಜರು ಆ ದಿನ ಕ್ಷಮೆಯನ್ನೇನೂ ಕೇಳಲಿಲ್ಲ. ಅದು ಅವರ ಅಭ್ಯಾಸವಲ್ಲ. "ಆದ್ರೂ ಇದನ್ನ ಇನ್ನು ಹೇಗೆ ನಂಬೋದು?" ಎಂದು ಹಲಗೆಯ ಕಡೆ ಕೈತೋರಿಸಿದರು.

"ಅದು ಸುಳ್ಳು ಹೇಳ್ಲಿಲ್ಲ ಸಾರ್. ಹಿಂದೆ ನೋಡೋ ಕೆಲಸಕ್ಕೆ ಮಾಡಿದ್ದು, ನಾನು ಮುಂದೆ ನೋಡೋಕೆ ಹಚ್ಚಿದೆ. ಕೇಳಿ ತಿಳ್ಕೋಬೇಕಿತ್ತು, ಕೇಳ್ಲಿಲ್ಲ." ಅಳಿಯನ ಕೈಯಿಂದ ಕಟ್ಟರ್ ಇಸಿದುಕೊಂಡು, ಎಲ್ಲರ ಎದುರಿಗೆ ಹಸಿರು ಎಳೆಯನ್ನು ತಾನೇ ಕತ್ತರಿಸಿದಳು. ಪರದೆಯಲ್ಲಿ ಚಪ್ಪಲಿ ಎಡಕ್ಕೆ ಬಂತು.

ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಟಾರ್ಚಕ್ಕನೇ ಅಲ್ಲ. ನಾಳೆ ಈ ಕ್ಯಾಮೆರಾ ಕೆಟ್ಟು ಬೇರೆಯದು ಬಂದರೆ? ಯಾರಾದರೂ ವೈರು ಅದಲುಬದಲು ಮಾಡಿದರೆ? ಅಂದಿನಿಂದ ಪ್ರತಿ ಬಸ್ಸಿಗೂ, ಹಲಗೆ ತಳ್ಳುವ ಮೊದಲು, ಎಡಗಾಲಿನ ಚಪ್ಪಲಿಯನ್ನು ಎಡಗಡೆಯ ಹಿಂದಿನ ಚಕ್ರದ ಒಳಪಕ್ಕಕ್ಕೆ ಕೋಲಿನಿಂದ ಸರಿಸುತ್ತಾಳೆ. ಪರದೆಯಲ್ಲಿ ಅದು ಎಡಕ್ಕೆ ಕಂಡರೆ ಮಾತ್ರ ಕೆಲಸ ಶುರು. ಡ್ರೈವರುಗಳು ನಗುತ್ತಾರೆ. ಆದರೆ ಚಪ್ಪಲಿ ಇಡುವುದನ್ನು ಕಣ್ಣಾರೆ ನೋಡುವವರೆಗೆ ಅವರು ಟೀ ಅಂಗಡಿಗೂ ಹೋಗುವುದಿಲ್ಲ.

ತಿಂಗಳು ಮುಗಿದು ಇನ್ನೂ ಎಷ್ಟೋ ತಿಂಗಳು ಆಯಿತು. ಟಿಕೆಟ್ ರೂಮಿನ ಮಾತು ಯಾರೂ ಎತ್ತಲಿಲ್ಲ. ಒಂದು ಬೆಳಿಗ್ಗೆ ಮ್ಯಾನೇಜರು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತ ಬಸ್ಸಿನ ಪಕ್ಕದಲ್ಲಿ ಹೋಗುವಾಗ, ಅವಳು ಇನ್ನೂ ಒಳಕ್ಕೆ ಸರಿಸದ ಚಪ್ಪಲಿ ಅವರ ಬೂಟು ತಗುಲಿ ಅತ್ತ ಹಾರಿತು. ಅವರು ಗಮನಿಸದೆ ಮುಂದೆ ಹೋದರು. ಟಾರ್ಚಕ್ಕ ಪರದೆ ನೋಡಿದಳು, ಕೋಲು ನಿಲ್ಲಿಸಿದಳು, ಸುಮ್ಮನೆ ನಿಂತಳು. ಡ್ರೈವರು ಸೀಟಿನಿಂದ ಇಳಿದ. ಮೇಸ್ತ್ರಿ ಸ್ಪ್ಯಾನರು ಕೆಳಗಿಟ್ಟ.

ಮ್ಯಾನೇಜರು ತಿರುಗಿ ನೋಡಿದರು. "ಯಾಕೆ ನಿಂತ್ರಿ ಅಕ್ಕ? ಟೈಮಾಯ್ತು."

"ಎಡ ಯಾವುದು ಅಂತ ಗೊತ್ತಾಗ್ತಿಲ್ಲ ಸಾರ್."

ಅವರು ಅವಳ ಬರಿಗಾಲು ನೋಡಿದರು. ಆಮೇಲೆ ದೂರದಲ್ಲಿ ಮಗುಚಿ ಬಿದ್ದಿದ್ದ ಚಪ್ಪಲಿ ನೋಡಿದರು. ಫೋನಿನಲ್ಲಿದ್ದವರಿಗೆ ಆಮೇಲೆ ಮಾಡುತ್ತೇನೆಂದು ಹೇಳಿ ಅದನ್ನು ಜೇಬಿಗಿಟ್ಟರು. ಬಗ್ಗಿದರು, ಚಪ್ಪಲಿಯನ್ನು ಕೈಯಲ್ಲಿ ಎತ್ತಿಕೊಂಡರು, ಚಕ್ರದ ಪಕ್ಕಕ್ಕೆ ತಂದಿಟ್ಟರು.

"ಇಲ್ಲೇ ತಾನೆ?"

ಟಾರ್ಚಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇನ್ನೊಂದು ಗೇಣು ಒಳಕ್ಕೆ ಸಾರ್."

ಮ್ಯಾನೇಜರು ಪ್ಯಾಂಟಿನ ಮೊಣಕಾಲು ನೆಲಕ್ಕೂರಿ, ಚಪ್ಪಲಿಯನ್ನು ಇನ್ನೊಂದು ಗೇಣು ಒಳಕ್ಕೆ ತಳ್ಳಿದರು.